ಗೊತ್ತಿರುವವರನ್ನು ಕಾದಂಬರಿಗೆ ತರುವುದು ಹೇಗೆ?

ಕಾದಂಬರಿ ಬರೆಯಲು ಹೊರಟವರು ನನ್ನನ್ನು ಹೆಚ್ಚಾಗಿ ಕೇಳುವುದು ಎರಡೇ ಪ್ರಶ್ನೆ. ಪಾತ್ರಗಳು ಎಲ್ಲಿಂದ ಸಿಗುತ್ತವೆ? ನಮ್ಮ ಅತ್ತೆಯೋ ಆಫೀಸಿನವರೋ ಓದಿ ‘ಇದು ನಾನೇ ಅಲ್ವಾ’ ಅಂದುಬಿಟ್ಟರೆ ಏನು ಮಾಡೋದು? ಎರಡಕ್ಕೂ ನನ್ನ ಉತ್ತರ ಒಂದೇ. ಮನುಷ್ಯರನ್ನು ಇಡಿಯಾಗಿ ಎತ್ತಿಕೊಳ್ಳಬೇಡಿ. ಅವರ ಒಂದು ಅಭ್ಯಾಸ, ಒಂದು ಮಾತು, ನಿಮಗೆ ಅರ್ಥವಾಗದೆ ಉಳಿದ ಒಂದು ಸಂಗತಿ, ಅಷ್ಟು ಸಾಕು. ಉಳಿದದ್ದನ್ನು ನೀವೇ ಕಟ್ಟಬೇಕು.

ಮೊದಲು ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಬರೆಯೋಕೆ ಏನೂ ಸಿಗಲ್ಲ ಅನ್ನುವವರು ಒಂದು ವಾರ ಬಿಎಂಟಿಸಿ ಬಸ್ಸಿನ ಮುಂಭಾಗದಲ್ಲಿ, ಹೆಂಗಸರ ಸೀಟುಗಳ ಹತ್ತಿರ ಓಡಾಡಲಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲಂತೂ ಮಗಳ ಮನೆಗೆ, ದೇವಸ್ಥಾನಕ್ಕೆ ಅಂತ ಹೊರಟ ಅಜ್ಜಿಯಂದಿರು ಪಕ್ಕದಲ್ಲೇ ಸಿಗುತ್ತಾರೆ, ಮೆಜೆಸ್ಟಿಕ್ ಬರುವಷ್ಟರಲ್ಲಿ ಸೊಸೆಯ ಜಾತಕವನ್ನೆಲ್ಲ ಹೇಳಿ ಮುಗಿಸಿರುತ್ತಾರೆ. ಮಲ್ಲೇಶ್ವರದ ಎಂಟನೇ ಕ್ರಾಸ್‌ನಲ್ಲಿ ಹೂವಿನವರ ಮುಂದೆ ಸ್ವಲ್ಪ ಹೊತ್ತು ನಿಂತರೂ ಸಾಕು.

ಆದರೆ ಬರೆದುಕೊಳ್ಳುವಾಗ ‘ಜಿಪುಣ ಹೆಂಗಸು’ ಅಂತ ಬರೆಯಬೇಡಿ. ಅದು ನಿಮ್ಮ ತೀರ್ಪು, ಅದರಿಂದ ಮುಂದೆ ಏನೂ ಹುಟ್ಟುವುದಿಲ್ಲ. ‘ಹೂವಿನವಳು ಅಳೆದುಕೊಟ್ಟ ಎರಡು ಮೊಳವನ್ನು ತನ್ನ ಕೈಯಲ್ಲಿ ಮತ್ತೆ ಅಳೆದು, ಕಮ್ಮಿಯಿದೆ ಅಂತ ಜಗಳ ಆಡಿ, ಹೆಚ್ಚಿಗೆ ಸಿಕ್ಕ ತುಂಡನ್ನು ಹೂವಿನವಳ ಮಗುವಿಗೇ ಮುಡಿಸಿ ಹೋದರು’ ಅಂತ ಬರೆಯಿರಿ. ಇದು ಜಿಪುಣತನವೋ ಪ್ರೀತಿಯೋ ಇನ್ನೂ ತೀರ್ಮಾನವಾಗಿಲ್ಲ. ಅದಕ್ಕೇ ಅಲ್ಲೊಂದು ಪಾತ್ರ ಇದೆ. ಕೇಳಿದ ಮಾತನ್ನು ಅವತ್ತು ರಾತ್ರಿಯೊಳಗೇ ಬರೆದಿಡಿ, ಬೆಳಗಾದರೆ ಅದು ನಿಮ್ಮ ಮಾತಾಗಿಬಿಟ್ಟಿರುತ್ತದೆ. ಫೋನಿನಲ್ಲಿ ಕದ್ದು ರೆಕಾರ್ಡ್ ಮಾಡುವುದು ಮಾತ್ರ ಖಂಡಿತ ಬೇಡ.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ಹೇಳುತ್ತೇನೆ. ನಮ್ಮ ಬೀದಿಯಲ್ಲಿದ್ದ ಒಬ್ಬರು ಹಬ್ಬಕ್ಕೆ ಕೋಡುಬಳೆ ಮಾಡಿ ಸ್ಟೀಲ್ ಡಬ್ಬಿಯಲ್ಲಿ ಕಳಿಸುತ್ತಿದ್ದರು. ನಮ್ಮಲ್ಲಿ ಪಾತ್ರೆ ಮೇಲೆ ಹೆಸರು ಕೆತ್ತಿಸುವುದು ಗೊತ್ತಲ್ಲ, ಯಾರು ಕೊಟ್ಟರು, ಯಾವ ತಾರೀಖು, ಎಲ್ಲ ಇರುತ್ತದೆ. ಆ ಡಬ್ಬಿಯ ಮೇಲೆ ತಾರೀಖು ಹಾಗೇ ಇತ್ತು. ಹೆಸರಿದ್ದ ಜಾಗವನ್ನು ಮಾತ್ರ ಚೂಪಾದ ಯಾವುದರಿಂದಲೋ ಕೆರೆದಿದ್ದರು. ಒಂದೇ ಸಲಕ್ಕೆ ಕೆರೆದದ್ದೂ ಅಲ್ಲ. ಅಡ್ಡ ಗೀರುಗಳು, ಅವುಗಳ ಮೇಲೆ ಉದ್ದ ಗೀರುಗಳು, ಆಮೇಲೆ ವರ್ಷಗಟ್ಟಲೆ ತಿಕ್ಕಿ ತೊಳೆದು ಬಂದ ಹೊಳಪು. ಯಾಕೆ ಅಂತ ನಾನು ಕೇಳಲಿಲ್ಲ. ಕೇಳಿದ್ದರೆ ಅವರ ಕಥೆ ಗೊತ್ತಾಗುತ್ತಿತ್ತು, ನನ್ನ ಕಥೆ ಅಲ್ಲೇ ನಿಂತುಹೋಗುತ್ತಿತ್ತು.

ನಾನು ತೆಗೆದುಕೊಂಡದ್ದು ಆ ಡಬ್ಬಿಯನ್ನು ಮಾತ್ರ. ಹೆಸರು ಅಳಿಸಿದ ಮೇಲೂ ಡಬ್ಬಿಯನ್ನು ಎಸೆಯದೆ ಇಟ್ಟುಕೊಂಡವಳು ಎಂಥವಳಿರಬಹುದು? ಎಸೆಯುವಷ್ಟು ಅನುಕೂಲ ಇಲ್ಲದವಳು, ಆದರೆ ಆ ಹೆಸರನ್ನು ದಿನಾ ನೋಡಲಾರದವಳು. ಅಲ್ಲಿಂದ ಹಾಸನದ ಕಡೆಯಿಂದ ಬಂದು ವಿಜಯನಗರದ ಪಿಜಿಯೊಂದರಲ್ಲಿ ಅಡುಗೆ ಮಾಡುವ ಹೆಂಗಸೊಬ್ಬಳು ಬಂದಳು. ಅವಳಿಗೂ ಕೋಡುಬಳೆ ಕಳಿಸಿದವರಿಗೂ ಏನೇನೂ ಸಂಬಂಧವಿಲ್ಲ.

ಹೆಸರು ಬದಲಾಯಿಸಿದರೆ ಸಾಕು ಅಂತ ತುಂಬ ಜನ ತಿಳಿದಿದ್ದಾರೆ. ಸಾಲದು. ಕೆಲಸ, ಊರು, ಒಡಹುಟ್ಟಿದವರು, ಸಾಲ, ಇವುಗಳನ್ನು ಬದಲಾಯಿಸಿ. ಧಾರವಾಡದವರನ್ನು ಮಂಡ್ಯದವರಾಗಿ ಮಾಡಿದರೆ ಮಾತಿನ ಧಾಟಿ, ಬೈಗುಳ, ಬೆಳಗಿನ ತಿಂಡಿ ಎಲ್ಲವೂ ಬದಲಾಗಬೇಕು, ಅದನ್ನು ಸರಿಮಾಡುತ್ತಾ ಹೋದಂತೆ ಹಳೆಯ ಮನುಷ್ಯ ತಾನಾಗಿ ಕರಗುತ್ತಾನೆ. ನಿಮಗೆ ಗೊತ್ತಿದ್ದವರು ಯಾವತ್ತೂ ಮಾಡದ ಕೆಲಸವೊಂದನ್ನು ಪಾತ್ರ ಸಹಜವಾಗಿ ಮಾಡಿತು ಅಂದರೆ ಅದು ನಿಮ್ಮದಾಯಿತು.

ಇಡೀ ಬದುಕನ್ನೇ ತೆಗೆದುಕೊಂಡ ಕಾದಂಬರಿಗಳೂ ಇವೆ. ಎಂ.ಕೆ. ಇಂದಿರಾ ಅವರು ಕಾದಂಬರಿ ಬರೆಯಲು ಕೂತದ್ದೇ ನಲವತ್ತು ದಾಟಿದ ಮೇಲೆ. 1976ರ ‘ಫಣಿಯಮ್ಮ’ದಲ್ಲಿ ಇರುವುದು ಅವರ ಮನೆತನದಲ್ಲೇ ಇದ್ದ, ಬಾಲವಿಧವೆಯಾಗಿ ಬಾಳಿದ ಹಿರಿಯ ಜೀವ. ಆ ಬದುಕು ಲೇಖಕಿಗೆ ಸಿಕ್ಕಿದ್ದು ತಾಯಿಯ ಬಾಯಿಂದ. ಅನುಭವಿಸಿದವರು ತಾವಾಗಿ ಹೇಳಿದ್ದು, ಇನ್ನೊಬ್ಬರು ನೆನಪಿಟ್ಟುಕೊಂಡು ದಾಟಿಸಿದ್ದು. ನಡುವೆ ಬಿಟ್ಟುಹೋದ ಜಾಗದಲ್ಲಿ ಕಾದಂಬರಿಕಾರ್ತಿಗೆ ಕೆಲಸವಿತ್ತು. ನಿಮ್ಮ ಮನೆಯಲ್ಲೂ ಅಂಥ ಅಜ್ಜಿ ಇದ್ದರೆ ಈಗಲೇ ಹೋಗಿ ಕೂತು ಕೇಳಿಸಿಕೊಳ್ಳಿ. ಅನುಪಮಾ ನಿರಂಜನ ಅವರು ವೈದ್ಯರಾಗಿದ್ದರು, ಹೆಣ್ಣಿನ ದೇಹದ ಕಷ್ಟ ಅವರ ಬರಹಕ್ಕೆ ಹೊರಗಿನ ವಿಷಯ ಆಗಿರಲಿಲ್ಲ. ನೀವು ಬ್ಯಾಂಕಿನಲ್ಲಿದ್ದರೆ ಬ್ಯಾಂಕು, ಗಾರ್ಮೆಂಟ್ಸಿನಲ್ಲಿದ್ದರೆ ಗಾರ್ಮೆಂಟ್ಸು. ನಿಮ್ಮ ಕೆಲಸದ ಜಾಗವನ್ನು ಸಣ್ಣದು ಅಂದುಕೊಳ್ಳಬೇಡಿ.

ಕಾನೂನಿನ ಮಾತೂ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಪ್ರಕಾರ ಮಾನಹಾನಿಗೆ ಎರಡು ವರ್ಷದವರೆಗೆ ಜೈಲು, ದಂಡ ಅಥವಾ ಸಮುದಾಯ ಸೇವೆ ವಿಧಿಸಬಹುದು. ತೀರಿಹೋದವರ ಬಗ್ಗೆ ಬರೆದದ್ದು ಕೂಡ, ಮನೆಯವರ ಮನಸ್ಸು ನೋಯಿಸುವ ಉದ್ದೇಶವಿದ್ದರೆ, ಇದರೊಳಗೆ ಬರಬಹುದು. ‘ಎಲ್ಲ ಪಾತ್ರಗಳೂ ಕಾಲ್ಪನಿಕ’ ಅಂತ ಮೊದಲ ಪುಟದಲ್ಲಿ ಹಾಕಿದ ಮಾತ್ರಕ್ಕೆ ಎಲ್ಲ ಸರಿಹೋಗಲ್ಲ. ಓದಿದವರು ಇಂಥವರೇ ಅಂತ ಬೆರಳು ತೋರಿಸುವಂತಿದ್ದರೆ, ಅದರಲ್ಲೂ ಕಳ್ಳತನ, ಅಕ್ರಮ ಸಂಬಂಧದ ವಿಷಯವಿದ್ದರೆ, ವಕೀಲರೊಬ್ಬರಿಗೆ ಹಸ್ತಪ್ರತಿ ತೋರಿಸಿ.

ನನಗೆ ಕಾನೂನಿಗಿಂತ ದೊಡ್ಡದು ನಂಬಿಕೆ. ‘ನಿಂಗೊಬ್ಬಳಿಗೇ ಹೇಳ್ತಿದೀನಿ ಕಣೆ’ ಅಂತ ಗೆಳತಿ ಅತ್ತುಕೊಂಡು ಹೇಳಿದ್ದನ್ನು, ಎಷ್ಟೇ ಒಳ್ಳೆಯ ಅಧ್ಯಾಯವಾಗುವಂತಿದ್ದರೂ, ಅವಳನ್ನು ಕೇಳದೆ ಮುಟ್ಟಬೇಡಿ. ಕೇಳುವುದಕ್ಕೂ ಒಂದು ರೀತಿ ಇದೆ. ವಾಟ್ಸಾಪಿನಲ್ಲಿ ಪಿಡಿಎಫ್ ಕಳಿಸಿ ‘ಓದಿ ಹೇಳೇ’ ಅನ್ನಬೇಡಿ. ಮನೆಗೆ ಹೋಗಿ, ಆ ಪುಟಗಳನ್ನು ನೀವೇ ಓದಿ ಹೇಳಿ, ಯಾವುದು ಅವಳದು, ಯಾವುದು ನೀವು ಕಟ್ಟಿದ್ದು ಅಂತ ಬಿಡಿಸಿ ತಿಳಿಸಿ, ಯೋಚನೆ ಮಾಡೋಕೆ ಟೈಮ್ ಕೊಡಿ. ಬೇಡ ಅಂದರೆ ಆ ಅಧ್ಯಾಯ ತೆಗೆದು ಬೇರೆಯದನ್ನು ಬರೆಯಿರಿ. ಪ್ರಕಾಶಕರ ಕೈಗೆ ಹೋಗುವ ಮೊದಲೇ ಇದೆಲ್ಲ ಮುಗಿದಿರಲಿ.