ಧಾರವಾಡದಾಗ ಒಬ್ಬರೇ ಇದ್ರ ಉಣ್ಣೋದು ಹೆಂಗ

ಮಗಳ ಬಾಣಂತನಕ್ಕೆಂದು ನಮ್ಮ ಮನೆಯವರು ಶ್ರಾವಣದಲ್ಲಿ ಪುಣೆಗೆ ಹೋದರು. ಬಂದದ್ದು ದೀಪಾವಳಿ ಮುಗಿದ ಮೇಲೆ. ಅರವತ್ತೆರಡು ವರ್ಷ ಬಿಸಿ ರೊಟ್ಟಿ ಉಂಡವನಿಗೆ ಎಸರು ಇಡುವುದೂ ಗೊತ್ತಿರಲಿಲ್ಲ. ಆ ಮೂರು ತಿಂಗಳಲ್ಲಿ ಕಲಿತದ್ದಿಷ್ಟು. ಸಪ್ತಾಪುರದ ನಮ್ಮ ಓಣಿಯ ತುಂಬ ಪರೀಕ್ಷೆಗೆ ಓದಲು ಬಂದ ಹುಡುಗರು, ಹುಡುಗಿಯರು. ಮೆಸ್ಸಿನ ಡಬ್ಬಿ ಬ್ಯಾಸರಾದಾಗ "ಕಾಕಾ, ನೀವು ಏನ್ ಮಾಡ್ಕೊಂಡೀರಿ?" ಎಂದು ಇಣುಕುತ್ತಾರೆ. ಅವರಿಗಾಗಿಯೇ ಬರೆದಿದ್ದೇನೆ.

ಮೊದಲು ಹಿಟ್ಟು. ಬಿಳಿಜೋಳ ಎರಡು ಕಿಲೋ ತಂದು ಗಿರಣಿಯಲ್ಲಿ ಬೀಸಿಸಿ, ಹದಿನೈದು ದಿನದೊಳಗೆ ಮುಗಿಸಿರಿ. ಗೋದಿಗಿರುವ ಅಂಟು ಜೋಳಕ್ಕಿಲ್ಲ. ಕುದಿಯುವ ನೀರು ಬಿದ್ದಾಗಲೇ ಅದಕ್ಕೆ ಜಿಗಿ ಬರುವುದು. ಹಿಟ್ಟು ಹಳೆಯದಾದರೆ ಆ ಜಿಗಿಯೂ ಇಲ್ಲ. ನಾನು ಇದನ್ನು ತಿಳಿಯದೆ ಡಬ್ಬಿಯ ತಳದ ಹಳೇ ಹಿಟ್ಟನ್ನೇ ನಾದಿ, ಆರು ರೊಟ್ಟಿ ಬಡಿದು, ಆರನ್ನೂ ಹರಿದೆ. ಬಡಿಯುವ ಸಪ್ಪಳಕ್ಕೆ ಕೆಳಗಿನ ಮನೆಯ ವೈನಿ ಮೇಲೆ ಬಂದು ನೋಡಿ, "ಹಿಟ್ಟಿನ್ಯಾಗ ಜಿಗಿನ ಇಲ್ಲಲ್ರಿ, ನಿಮ್ಮ ಕೈ ಏನ್ ಮಾಡೀತು?" ಅಂದರು. ನನ್ನ ಮಾನ ಉಳಿಯಿತು.

ಮರುದಿನ ಅವರೇ ನಿಂತು ತೋರಿಸಿದರು. ಒಂದು ಬಟ್ಟಲು ಹಿಟ್ಟಿಗೆ ಮುಕ್ಕಾಲು ಬಟ್ಟಲು ನೀರು, ಚಿಟಿಕೆ ಉಪ್ಪು. ನೀರು ಮರಳಬೇಕು, ಬರೀ ಬಿಸಿಯಾದರೆ ಸಾಲದು. ಪರಾತದ ಹಿಟ್ಟಿನ ನಡುವೆ ಕುಣಿ ಮಾಡಿ ಅದನ್ನು ಸುರಿದು, ಚಮಚದಿಂದ ತಿರುವಿ, ಕೈ ತಾಳುವಷ್ಟು ಆರಿದ ಮೇಲೆ ಅಂಗೈ ಬುಡದಿಂದ ನಾದಿರಿ. ಬಿರಿತರೆ ತಣ್ಣೀರು ಚಿಮುಕಿಸಿ ಮತ್ತೆ ನಾದಿರಿ. ಸೋಮಾರಿತನ ಮಾಡುವವರು ಸೋಲುವುದು ಇಲ್ಲಿಯೇ. ಒಂದು ರೊಟ್ಟಿಗಾಗುವಷ್ಟು ಹಿಟ್ಟನ್ನು ಉಂಡೆ ಮಾಡಿ, ಅಡಿಗೆ ಒಣಹಿಟ್ಟು ಹರವಿ, ತಿರುಗಿಸುತ್ತ ಬಡಿಯಿರಿ. ಬಡಿತ ಅಂಚಿಗೆ ಹೆಚ್ಚು, ನಡುವಿಗೆ ಕಡಿಮೆ. ಹಂಚು ಚೆನ್ನಾಗಿ ಕಾದಿರಲಿ. ಒಣಹಿಟ್ಟಿನ ಮಗ್ಗಲು ಮೇಲೆ ಬರುವಂತೆ ಹಾಕಿ, ತೊಯ್ದ ಅರಿವಿಯಿಂದ ನೀರು ಸವರಿ, ಆ ಪಸೆ ಆರುತ್ತಲೇ ತಿರುವಿ ಹಾಕಿರಿ. ಆಮೇಲೆ ಅರಿವಿಯಿಂದ ಮೆತ್ತಗೆ ಒತ್ತಿದರೆ ಉಬ್ಬುತ್ತದೆ. ಉಬ್ಬದಿದ್ದರೂ ಹೊಟ್ಟೆ ತುಂಬುತ್ತದೆ ಬಿಡ್ರಿ.

ಹರಿದ ರೊಟ್ಟಿಯನ್ನು ಚೆಲ್ಲಬೇಡಿ. ಅದು ಬಿಸಿಯಿರುವಾಗಲೇ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು ಜಜ್ಜಿ ಹಾಕಿ, ತುಪ್ಪ ಬಿಟ್ಟು ಕುಟ್ಟಿ, ಮುಷ್ಟಿಯಲ್ಲಿ ಒತ್ತಿ ಕಟ್ಟಿದರೆ ಮುಟಗಿ. ಮೊದಲ ವಾರವೆಲ್ಲ ನಾನು ಮುಟಗಿಯನ್ನೇ ಉಂಡೆ. ಫೋನಿನಲ್ಲಿ ಮಾತ್ರ "ಇವತ್ತು ಮುಟಗಿ ತಿನ್ನಬೇಕನಿಸ್ತು" ಎಂದು ಹೇಳುತ್ತಿದ್ದೆ.

ಒಬ್ಬರಿಗೆ ದಿನಾ ಎರಡು ಪಲ್ಯ ಯಾಕೆ? ಹುರಿದ ಶೇಂಗಾ, ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಕೆಂಪು ಖಾರ ಕುಟ್ಟಿ ಹಿಂಡಿ ಮಾಡಿಟ್ಟುಕೊಂಡರೆ ವಾರ ಕಳೆಯುತ್ತದೆ. ಖಾರಕ್ಕೆ ಬ್ಯಾಡಗಿ ಮೆಣಸಿನಕಾಯಿಯೇ ಇರಲಿ. ಹಾವೇರಿ ಜಿಲ್ಲೆಯ ಆ ಸುಕ್ಕುಗಟ್ಟಿದ ಕಾಯಿ ಬಣ್ಣ ಬಹಳ ಬಿಡುತ್ತದೆ, ಸುಡುವುದು ಕಡಿಮೆ. ಮೇಲೆ ಕೆನೆ ಮೊಸರು, ಹಸಿ ಉಳ್ಳಾಗಡ್ಡಿ, ಮೆಂತ್ಯದ ತಪ್ಪಲು. ಸಂತೆಯಲ್ಲಿ ಹಕ್ಕರಿಕಿ ತಪ್ಪಲು ಸಿಕ್ಕರೆ ಬಿಡಬೇಡಿ, ಹಸಿಯದನ್ನೇ ತಿನ್ನಿರಿ.

ವಾರಕ್ಕೊಮ್ಮೆ ಖಾನಾವಳಿಗೆ ಹೋಗಿರಿ. ಮನೆಯಲ್ಲಿ ನಾಲ್ಕು ರೊಟ್ಟಿ ಬಡಿದವನಿಗೇ ಅಲ್ಲಿ ಒಳಗಿಂದ ಕೇಳುವ ಪಟಪಟ ಸಪ್ಪಳದ ಬೆಲೆ ಗೊತ್ತಾಗುವುದು. ಮಧ್ಯಾಹ್ನ ಒಂದಕ್ಕಿಂತ ಮೊದಲೇ ಹೋದರೆ ಎಣ್ಣೆಗಾಯಿ ಖಾಲಿಯಾಗಿರುವುದಿಲ್ಲ. ಬಿಸಿ ರೊಟ್ಟಿಯೋ, ಒಣಗಿ ಗರಿಗರಿಯಾದ ಕಟಕ ರೊಟ್ಟಿಯೋ ಎಂದು ಕೇಳುತ್ತಾರೆ. ಎಣ್ಣೆಗಾಯಿ, ಝುಣಕಕ್ಕೆ ಬಿಸಿಯದು, ಕಾಳುಪಲ್ಯದ ರಸಕ್ಕೆ ಮುರಿದು ಹಾಕಲು ಕಟಕ. ಅನ್ನಕ್ಕೆ ಜಾಗ ಉಳಿಸಿಕೊಳ್ಳುವುದು ನನಗೆ ಇನ್ನೂ ಸಾಧಿಸಿಲ್ಲ.

ಮಾಂಸ ಉಣ್ಣುವವರು ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಯ ಸಾವಜಿ ಖಾನಾವಳಿಗೆ ಹೋಗಬೇಕು. ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ ಸಮಾಜದವರ ಅಡುಗೆ ಅದು, ಗದಗ-ಬೆಟಗೇರಿಯಲ್ಲೂ ಸಿಗುತ್ತದೆ. ನಾನು ಉಣ್ಣುವವನಲ್ಲ, ಮೇಲಿನ ರೂಮಿನ ಹುಡುಗರು ಮೂಗು ಒರೆಸಿಕೊಳ್ಳುತ್ತ ವರ್ಣಿಸಿದ್ದನ್ನು ಕೇಳಿದ್ದೇನೆ. ನನ್ನ ದಾರಿ ಹುಬ್ಬಳ್ಳಿಯದೇ ದುರ್ಗದಬೈಲಿಗೆ. ಚುರುಮುರಿಗೆ ಉಳ್ಳಾಗಡ್ಡಿ, ಹುಣಸೆ, ಬೆಲ್ಲದ ಒಗ್ಗರಣೆ ಗೊಜ್ಜು, ಪುಟಾಣಿ ಹಿಟ್ಟು ಕಲಸಿದ ಗಿರ್ಮಿಟ್, ಜೊತೆಗೆ ಬಿಸಿ ಮಿರ್ಚಿ ಭಜಿ. ಗಿರ್ಮಿಟ್ ಕಟ್ಟಿಸಿಕೊಂಡು ಮನೆಗೆ ಒಯ್ಯಬೇಡಿ, ಮೆತ್ತಗಾಗುತ್ತದೆ. ನಿಂತಲ್ಲೇ ಮುಗಿಸಿರಿ.

ಧಾರವಾಡದ ಸಂಜೆಗೆ ರೊಕ್ಕ ಬೇಕಿಲ್ಲ. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದ ಹಲಗೆ ಓದಿಕೊಂಡು ಹೋಗಿ. ಭಾಷಣವೋ, ಹಾಡೋ, ಏನೋ ಒಂದು ನಡೆದಿರುತ್ತದೆ. ಭಾಷಣ ಉದ್ದವಾದರೆ ಹಿಂದಿನ ಸಾಲಿನಿಂದ ಏಳುವುದು ಇಲ್ಲಿ ಅಪರಾಧವಲ್ಲ. ಬೇಂದ್ರೆಯವರಿದ್ದ ಸಾಧನಕೇರಿಯ ಕಡೆ ನಡೆದುಬಂದರೆ ಉಂಡದ್ದೂ ಕರಗುತ್ತದೆ. ಹೊರಡುವ ಮುಂಚೆ ಹಿಟ್ಟಿನ ಡಬ್ಬಿ ನೋಡಿಕೊಂಡು ಹೋಗಿ, ಗಿರಣಿ ಬೇಗ ಮುಚ್ಚುತ್ತದೆ.

ಇನ್ನೊಂದು ರಿವಾಜು. ನೆರೆಮನೆಯಿಂದ ಪಲ್ಯ ಬಂದ ಡಬ್ಬಿಯನ್ನು ಬರಿದು ಮಾಡಿ ಮರಳಿಸಬಾರದು. ಮೊದಮೊದಲು ನಾನು ಲೈನ್ ಬಜಾರಿಗೆ ಹೋಗಿ ಪೇಡೆ ತಂದು ತುಂಬುತ್ತಿದ್ದೆ. ಖೋವಾ ಕಂದುಬಣ್ಣಕ್ಕೆ ತಿರುಗುವಂತೆ ಹುರಿದು, ಸಕ್ಕರೆಯಲ್ಲಿ ಹೊರಳಿಸಿದ ಪೇಡೆಗೆ ಯಾರೂ ಬೇಡ ಅನ್ನುವುದಿಲ್ಲ. ಆದರೆ ವಾರಕ್ಕೆ ಮೂರು ಸಲ ಡಬ್ಬಿ ಬಂದರೆ ಪಿಂಚಣಿ ಎಲ್ಲಿ ಸಾಕು? ನವರಾತ್ರಿಯ ಹೊತ್ತಿಗೆ ಧೈರ್ಯ ಮಾಡಿ ನನ್ನವೇ ನಾಲ್ಕು ರೊಟ್ಟಿ ಇಟ್ಟುಕೊಟ್ಟೆ.

ವೈನಿ ಒಂದನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದು ನೋಡಿದರು. "ಅಂಚು ದಪ್ಪ ಆಗ್ಯಾವ್ರಿ. ನಾಳೆ ಇನ್ನೊಂದೀಟು ಬಡೀರಿ."