60 ಲೀಟರಿನ ರೀಫ್ ಟ್ಯಾಂಕ್: ನೀರನ್ನು ನಾನು ನೋಡಿಕೊಳ್ಳುವ ಬಗೆ

ಬೆಂಗಳೂರಿನ ನಮ್ಮ ಮನೆಯ ಹಾಲ್‌ನಲ್ಲಿರುವ ರೀಫ್ ಟ್ಯಾಂಕ್, ಅಂದರೆ ಹವಳ ಸಾಕುವ ಉಪ್ಪುನೀರಿನ ಟ್ಯಾಂಕ್, 60 ಲೀಟರಿನದು. ಕಲ್ಲು, ಮರಳು ಜಾಗ ತಿಂದ ಮೇಲೆ ಅದರಲ್ಲಿ ಉಳಿಯುವ ನೀರು 50 ಲೀಟರ್. ಲೆಕ್ಕವೆಲ್ಲ ಈ 50ರ ಮೇಲೇ ಹಾಕಬೇಕು. ಒಂದು ಜೋಡಿ ಕ್ಲೌನ್ ಮೀನು, ಕೆಲವು ಬಸವನಹುಳು, ಜೊತೆಗೆ ಇನ್ನೊಬ್ಬ ಹವ್ಯಾಸಿಯ ಟ್ಯಾಂಕಿನಲ್ಲೇ ಬೆಳೆದ ಮೆದು ಹವಳದ ತುಂಡುಗಳು ಇವೆ. ಕಲ್ಲುಹವಳ ಇಟ್ಟಿಲ್ಲ. ಅವು ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆ ಕೊಡುವ ಒಂದನೇ ಅನುಸೂಚಿಯಲ್ಲಿವೆ, ಇರಬೇಕಾದದ್ದೂ ಅಲ್ಲೇ.

ಸಣ್ಣ ಟ್ಯಾಂಕ್ ಸುಲಭ ಅಂದುಕೊಳ್ಳುವವರು ಜಾಸ್ತಿ. ಆದರೆ ನೀರು ಕಮ್ಮಿ ಇದ್ದಷ್ಟೂ ಏರುಪೇರು ಬೇಗ. ಬೇಸಿಗೆಯಲ್ಲಿ ತಂಪಿಗೆಂದು ಫ್ಯಾನ್ ಹಾಕಿದರೆ ದಿನಕ್ಕೆ ಹತ್ತಿರ ಹತ್ತಿರ ಒಂದು ಲೀಟರ್ ಆವಿಯಾಗುತ್ತದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಮೂರು ದಿನ ಸುಮ್ನೆ ಬಿಟ್ಟರೆ ಲೀಟರಿಗೆ 35 ಗ್ರಾಂ ಇದ್ದ ಉಪ್ಪು 37 ದಾಟುತ್ತದೆ. ಅದಕ್ಕೇ ಗಾಜಿನ ಮೇಲೆ ಒಂದು ಗೆರೆ ಎಳೆದಿದ್ದೇನೆ. ಬೆಳಗ್ಗೆ ಎದ್ದ ಕೂಡಲೇ ಆ ಗೆರೆಯವರೆಗೆ ಸಿಹಿನೀರು ತುಂಬುತ್ತೇನೆ, ಉಪ್ಪುನೀರಲ್ಲ. ಉಪ್ಪು ಅಳೆಯುವ ರಿಫ್ರಾಕ್ಟೋಮೀಟರನ್ನು 35ರ ಸ್ಟ್ಯಾಂಡರ್ಡ್ ದ್ರಾವಣ ಹಾಕಿಯೇ ಸರಿಹೊಂದಿಸುತ್ತೇನೆ. ಬರೀ ಶುದ್ಧ ನೀರಿಗೆ ಸೊನ್ನೆ ತೋರಿಸಿದ ಮಾತ್ರಕ್ಕೆ ಅದು 35ರ ಹತ್ತಿರ ಸರಿ ತೋರಿಸುತ್ತದೆ ಅಂತ ನಂಬಲಾಗುವುದಿಲ್ಲ.

ಆ ಸಿಹಿನೀರು ಎಲ್ಲಿಂದ? ಬೋರ್‌ವೆಲ್ ನೀರು ಬೇಡವೇ ಬೇಡ. ಅಡುಗೆಮನೆಯ ಆರ್‌ಒ ಕೂಡ ಸಾಲದು. ಕುಡಿಯಲು ರುಚಿ ಇರಲಿ ಅಂತ ಬಹಳಷ್ಟು ಯಂತ್ರಗಳು ಸ್ವಲ್ಪ ಲವಣ ಉಳಿಸುತ್ತವೆ, ಇಲ್ಲವೇ ಸೇರಿಸುತ್ತವೆ. ನಾನು ಆರ್‌ಒ ನೀರನ್ನು ಡಿಐ ರೆಸಿನ್ (ಉಳಿದ ಲವಣವನ್ನೂ ಹಿಡಿದುಕೊಳ್ಳುವ ಸಣ್ಣ ಮಣಿಗಳು) ಮೂಲಕ ಹಾಯಿಸುತ್ತೇನೆ. ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು. ಅಂಕಿ ಮೇಲೇಳತೊಡಗಿತೋ, ರೆಸಿನ್ ಬದಲಿಸುವುದೇ.

ಮಂಗಳೂರಿನ ನೆಂಟರು “ಸಮುದ್ರದ ನೀರನ್ನೇ ಕ್ಯಾನಿನಲ್ಲಿ ತಗೊಂಡು ಹೋಗಿ ಮಾರಾಯ್ರೆ” ಅನ್ನುತ್ತಾರೆ. ಆದರೆ ಅಲ್ಲಿ ನೇತ್ರಾವತಿ, ಗುರುಪುರ ಎರಡೂ ನದಿಗಳು ಕಡಲು ಸೇರುತ್ತವೆ. ಮಳೆಗಾಲದಲ್ಲಿ ದಡದ ನೀರಿನ ಉಪ್ಪು ತೀರಾ ಇಳಿಯುತ್ತದೆ, ಊರಿನ ಕೊಳೆಯೂ ಸೇರಿರುತ್ತದೆ. ಪ್ಯಾಕೆಟ್ಟಿನ ರೀಫ್ ಉಪ್ಪೇ ವಾಸಿ.

ಇನ್ನು ಆಲ್ಕಲಿನಿಟಿ, ಅಂದರೆ ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ. ಅದು ಬಹುಪಾಲು ನೀರಿನಲ್ಲಿ ಕರಗಿದ ಬೈಕಾರ್ಬೊನೇಟ್‌ನಿಂದ ಬರುತ್ತದೆ. ನನಗೆ ಇದಕ್ಕಿಂತ ಮುಖ್ಯವಾದ ಪರೀಕ್ಷೆ ಇಲ್ಲ. ಮೆದು ಹವಳ ಇದನ್ನು ಹೆಚ್ಚು ಬಳಸುವುದಿಲ್ಲ, ನಿಜ. ಆದರೆ ಕಲ್ಲಿನ ಮೇಲೆ ಹಬ್ಬುವ ಗುಲಾಬಿ ಬಣ್ಣದ ಕೋರಲೈನ್ ಪಾಚಿ ಬಳಸುತ್ತದೆ, ಬಸವನಹುಳುವಿನ ಚಿಪ್ಪೂ ಬಳಸುತ್ತದೆ. ಅಮೋನಿಯಾವನ್ನು ನೈಟ್ರೇಟ್ ಮಾಡುವಾಗ ಬ್ಯಾಕ್ಟೀರಿಯಾ ಹುಟ್ಟಿಸುವ ಆಮ್ಲವೂ ಅದನ್ನು ತಗ್ಗಿಸುತ್ತದೆ. ನಾನು 8 ಡಿಕೆಎಚ್ (ಆಲ್ಕಲಿನಿಟಿ ಅಳೆಯುವ ಮಾನ) ಆಸುಪಾಸಿನಲ್ಲಿ ಇಡುತ್ತೇನೆ. 9 ಇದ್ದರೂ ತೊಂದರೆ ಇಲ್ಲ, ಇವತ್ತು 7 ನಾಳೆ 10 ಆಗಬಾರದು ಅಷ್ಟೆ.

ಇಳಿದರೆ ಅಡುಗೆ ಸೋಡಾ ಸಾಕು. ಬೇಕಿಂಗ್ ಪೌಡರ್ ಅಲ್ಲ, ಅದರಲ್ಲಿ ಆಮ್ಲದ ಪುಡಿ ಸೇರಿರುತ್ತದೆ. 50 ಲೀಟರಿಗೆ ಒಂದು ಡಿಕೆಎಚ್ ಏರಿಸಲು ಸುಮಾರು 1.5 ಗ್ರಾಂ ಬೇಕು. ಡಿಐ ನೀರಿನಲ್ಲಿ ಕರಗಿಸಿ ಪಂಪಿನ ಹರಿವಿಗೆ ನಿಧಾನವಾಗಿ ಸುರಿಯುತ್ತೇನೆ. ದಿನಕ್ಕೆ ಒಂದು ಡಿಕೆಎಚ್‌ಗಿಂತ ಜಾಸ್ತಿ ಏರಿಸುವುದಿಲ್ಲ.

ಹೊಸ ಉಪ್ಪು ತಂದಾಗಲೂ ಕಲಸಿದ ನೀರಿನ ಆಲ್ಕಲಿನಿಟಿ ಅಳೆಯುತ್ತೇನೆ. ಕೆಲವು ಬ್ರ್ಯಾಂಡ್‌ಗಳು 7–8 ಕೊಡುತ್ತವೆ, ಕೆಲವು 11–12. ಟ್ಯಾಂಕಿನ ಅಂಕಿಗೆ ಹತ್ತಿರ ಬರುವುದನ್ನೇ ಆರಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ವಾರಕ್ಕೊಮ್ಮೆ ಹತ್ತನೇ ಒಂದು ಭಾಗ ನೀರು ಬದಲಿಸುವುದರಿಂದ ಕ್ಯಾಲ್ಸಿಯಂ ಲೀಟರಿಗೆ 420, ಮೆಗ್ನೀಸಿಯಂ 1300 ಮಿಲಿಗ್ರಾಂ ಆಸುಪಾಸಿನಲ್ಲಿ ತಾವಾಗಿಯೇ ನಿಲ್ಲುತ್ತವೆ.

ಪಿಎಚ್‌ಗೆ ನಾನು ಯಾವ ಔಷಧಿಯನ್ನೂ ಹಾಕುವುದಿಲ್ಲ. ರಾತ್ರಿ ಬಾಗಿಲು ಮುಚ್ಚಿದ ಮನೆಯಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿಕೊಂಡು ಅದು ಇಳಿಯುತ್ತದೆ. ಕಿಟಕಿ ತೆರೆದರೆ ಏರುತ್ತದೆ.

ಮೀನಿನ ಊಟ, ಹೊಲಸಿನಿಂದ ಬರುವ ನೈಟ್ರೇಟ್, ಫಾಸ್ಫೇಟ್ ಸೊನ್ನೆ ಆಗಲೂ ಬಿಡಬಾರದು. ಎರಡೂ ಬರಿದಾದ ಟ್ಯಾಂಕಿನಲ್ಲಿ ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿಗಳ ಕಂದು ಲೋಳೆ ಹಬ್ಬಿಬಿಡಬಹುದು, ಅದನ್ನು ಬಿಡಿಸುವುದು ಬಲು ಕಷ್ಟ. ಹಾಗಾಗಿ ಫಾಸ್ಫೇಟ್ ಲೀಟರಿಗೆ 0.03 ಮಿಲಿಗ್ರಾಂಗಿಂತ ಕೆಳಗೆ ಹೋದ ವಾರ ಮೀನಿಗೆ ಒಂದು ಚಿಟಿಕೆ ಊಟ ಜಾಸ್ತಿ ಹಾಕುತ್ತೇನೆ.