ಏರ್ಸ್ ಡೇಟಾದಲ್ಲಿ ಬೆಟ್ಟದ ಅಲೆ ಕಾಣದಿದ್ದರೆ

ಪುಣೆಯಲ್ಲಿ ಕೂತು ದಕ್ಷಿಣ ಆ್ಯಂಡಿಸ್ ಮೇಲಿನ ಬೆಟ್ಟದ ಅಲೆಗಳನ್ನು (ಗಾಳಿ ಬೆಟ್ಟ ದಾಟುವಾಗ ವಾತಾವರಣದಲ್ಲಿ ಏಳುವ ಅಲೆಗಳು) ಆಕ್ವಾ ಉಪಗ್ರಹದ ಏರ್ಸ್ (AIRS) ಎಂಬ ಇನ್‌ಫ್ರಾರೆಡ್ ಉಪಕರಣದ ಡೇಟಾದಲ್ಲಿ ಹುಡುಕುತ್ತಿದ್ದೆ. ಜುಲೈ ತಿಂಗಳ ಡೇಟಾ. ಅಲ್ಲಿ ಆಗ ಚಳಿಗಾಲ, ಮೇಲೆ ಪಶ್ಚಿಮದ ಗಾಳಿ ಜೋರು. ಆದರೂ ನಕ್ಷೆಯಲ್ಲಿ ಉಪಗ್ರಹ ಸ್ಕ್ಯಾನ್ ಮಾಡಿದ ಪಟ್ಟಿಯ ಎರಡೂ ಅಂಚಿಗೆ ಬೇರೆ ಬಣ್ಣ, ನಡುವೆ ಬರೀ ಚುಕ್ಕೆ (ನಾಯ್ಸ್).

ಇಡೀ ಗ್ರಾನ್ಯೂಲ್‌ನ (ಒಂದು ಫೈಲ್‌ನಲ್ಲಿ ಬರುವ ಡೇಟಾ ತುಣುಕು) ಸರಾಸರಿ ಕಳೆದೆ, ಅಂಚು ಹಾಗೇ ಉಳಿಯಿತು. ಸ್ಮೂದಿಂಗ್ ಜಾಸ್ತಿ ಮಾಡಿದರೆ ಚುಕ್ಕೆಯ ಜೊತೆ ಅಲೆಯೂ ಅಳಿಸಿಹೋಗುತ್ತದೆ. ಬಣ್ಣದ ಸ್ಕೇಲ್ ಬದಲಿಸುತ್ತಾ ಕೂರುವುದು ಸುಮ್ನೆ ಟೈಮ್ ವೇಸ್ಟ್.

ಕೊನೆಗೆ ಕೆಲಸ ಮಾಡಿದ್ದು ಇದು. ಮೊದಲು -9999 (ಡೇಟಾ ಇಲ್ಲ ಎಂಬ ಗುರುತು) ಇರುವ ಬೆಲೆಗಳನ್ನು ತೆಗೆದುಹಾಕಿ. ಆಮೇಲೆ 4.3 ಮೈಕ್ರಾನ್ ತರಂಗಾಂತರದ ಸುತ್ತ 2322.6ರಿಂದ 2345.9, ಮತ್ತೆ 2352.5ರಿಂದ 2366.9 ವೇವ್‌ನಂಬರ್‌ (ಒಂದು ಸೆಂ.ಮೀ.ಗೆ ಎಷ್ಟು ಅಲೆ ಎಂಬ ಲೆಕ್ಕ) ವರೆಗಿನ ಒಟ್ಟು 42 ಚಾನೆಲ್ ತೆಗೆದುಕೊಳ್ಳಿ. ಇವು ಹೆಚ್ಚಾಗಿ 30-40 ಕಿ.ಮೀ. ಎತ್ತರದ ಗಾಳಿಯನ್ನು ನೋಡುತ್ತವೆ. ರೇಡಿಯನ್ಸ್‌ನ (ಉಪಕರಣ ಅಳೆಯುವ ವಿಕಿರಣ) ಸರಾಸರಿ ಮೊದಲು, ಉಷ್ಣತೆಗೆ ಬದಲಿಸುವುದು ಆಮೇಲೆ. ಎರಡರ ಸಂಬಂಧ ನೇರ ಗೆರೆಯಲ್ಲ, ಅದಕ್ಕೇ ಈ ಕ್ರಮ. ಮುಖ್ಯವಾದದ್ದು ಮುಂದಿನದು: ಪ್ರತಿ ಸ್ಕ್ಯಾನ್ ಸಾಲಿನ 90 ಬಿಂದುಗಳಿಗೆ ಬೇರೆ ಬೇರೆಯಾಗಿ 4ನೇ ಡಿಗ್ರಿ ಪಾಲಿನಾಮಿಯಲ್ (ನಯವಾದ ಬಾಗಿದ ಗೆರೆ) ಹೊಂದಿಸಿ ಕಳೆಯಿರಿ, ಇಡೀ ಗ್ರಾನ್ಯೂಲ್‌ಗೆ ಒಂದೇ ಸಲ ಬೇಡ. ಓರೆಯಾಗಿ ನೋಡುವುದರಿಂದ ಅಂಚಿನಲ್ಲಿ ಬರುವ ವ್ಯತ್ಯಾಸ ಅಲ್ಲೇ ಹೋಗುತ್ತದೆ, ಬೆಟ್ಟದ ಸಾಲಿನ ಪಕ್ಕ ಪಟ್ಟೆಗಳು ಎದ್ದು ಕಾಣುತ್ತವೆ. ಹಗಲಲ್ಲಿ ಈ ಚಾನೆಲ್‌ಗಳ ಮೇಲೆ ಬಿಸಿಲಿನ ಪ್ರಭಾವ ಇರುತ್ತದೆ, ಶುರುವಿಗೆ ಉಪಗ್ರಹ ರಾತ್ರಿ ಹಾದುಹೋದಾಗಿನ ಡೇಟಾ ಸಾಕು.

ಇದನ್ನೇ ಮಳೆಗಾಲದಲ್ಲಿ ಸಹ್ಯಾದ್ರಿ ಮೇಲೆ ನೋಡೋಣ ಅಂತ ಇಲ್ಲಿನ ಕನ್ನಡದ ಗೆಳೆಯರು ಕೇಳುತ್ತಾರೆ. ಕೆಳಗೆ ಪಶ್ಚಿಮದ ಗಾಳಿ, ಮೇಲೆ ಪೂರ್ವದ ಗಾಳಿ. ನಡುವೆ ಗಾಳಿ ಸೊನ್ನೆಯಾಗುವಲ್ಲೇ ಬೆಟ್ಟದ ಅಲೆ ಸಾಯುತ್ತದೆ, ಅಷ್ಟು ಮೇಲೆ ಏನು ಸಿಗುತ್ತೆ?